ಬಾಸ್ಟನ್‌ನ ಅಳಿಯನಿಗೆ ಪರಿಹಾರ ಬರುತ್ತದೆಯೇ?

ಪ್ರಶ್ನೆ: ನಮ್ಮ ಅಳಿಯ ಕೆಲ ವರ್ಷಗಳ ಹಿಂದೆ ಬಾಸ್ಟನ್‌ನಲ್ಲಿ ಊಬರ್ ಓಡಿಸುತ್ತಿದ್ದ. ಅಲ್ಲಿ ಚಾಲಕರಿಗೆ ಪರಿಹಾರ ಸಿಗುತ್ತದಂತೆ. ಕೇಳುವುದು ಹೇಗೆ?

ಉತ್ತರ: ಚಾಲಕರನ್ನು ನೌಕರರೆನ್ನದೆ ಸ್ವತಂತ್ರ ಗುತ್ತಿಗೆದಾರರೆಂದು ತೋರಿಸಿದ್ದಕ್ಕೆ, ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಊಬರ್ ಮತ್ತು ಅಂಥದೇ ಇನ್ನೊಂದು ಟ್ಯಾಕ್ಸಿ ಆ್ಯಪ್ ಕಂಪನಿ ಲಿಫ್ಟ್ ಮೇಲೆ ಹೂಡಿದ್ದ ದಾವೆ ಅದು. 2024ರ ಜೂನ್‌ನಲ್ಲಿ ರಾಜಿಯಾಯಿತು: ಊಬರ್ 14.8 ಕೋಟಿ, ಲಿಫ್ಟ್ 2.7 ಕೋಟಿ ಡಾಲರ್ ಕೊಡಲು ಒಪ್ಪಿದವು. ಅವರು ನೌಕರರೇ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಮೊದಲು, ಆ್ಯಪ್‌ಗೆ ಕೊಟ್ಟಿದ್ದ ಹಳೆಯ ಇಮೇಲನ್ನು, ಸ್ಪ್ಯಾಮ್ ಸಮೇತ, ಹುಡುಕಲಿ. ನೋಟಿಸ್ ಹೋಗುವುದು ಸಾಮಾನ್ಯವಾಗಿ ಅಲ್ಲಿಗೇ. ಸಿಗದಿದ್ದರೆ ಅಟಾರ್ನಿ ಜನರಲ್ ಅವರ ಅಧಿಕೃತ ಜಾಲತಾಣದಿಂದಲೇ ಈ ಹಣ ಹಂಚುವ ನಿರ್ವಾಹಕರನ್ನು ತಲುಪಿ, ಕೊನೆಯ ದಿನಾಂಕ ಕೇಳಲಿ. ಗಡುವು ಮೀರಿದ್ದರೆ ಹಣ ಸಿಗುವುದು ಕಷ್ಟ.

ನಮ್ಮವರು ಎಡವುವುದು ಹೆಸರಿನಲ್ಲಿ. ಆ್ಯಪ್‌ನಲ್ಲಿ ಇನಿಷಿಯಲ್, ಬ್ಯಾಂಕಿನಲ್ಲಿ ಪೂರ್ಣ ಹೆಸರು ಇದ್ದರೆ ಪಾವತಿ ಸಿಕ್ಕಿಕೊಳ್ಳಬಹುದು. ಮನೆ ಬದಲಿಸಿದ್ದರೆ ಹೊಸ ವಿಳಾಸ ಕೊಡಲಿ. ಚೆಕ್ ಮೇಲಿನ ಅವಧಿ ಮುಗಿದರೆ ಅದು ಬರೀ ಕಾಗದ. ತೆರಿಗೆ ಗುರುತಿನ ಸಂಖ್ಯೆ ಕೇಳಿದಾಗ ಕೊಡದಿದ್ದರೆ ಪಾವತಿಯಲ್ಲಿ ಶೇ 24 ತೆರಿಗೆಗಾಗಿ ಕಡಿತವಾಗುವ ಸಾಧ್ಯತೆಯಿದೆ. ಹಣ ಬಂದ ಮೇಲೂ ತೆರಿಗೆ ಲೆಕ್ಕದಲ್ಲಿ ತೋರಿಸಬೇಕಾಗಬಹುದು. ಟ್ರಿಪ್ ಮತ್ತು ಗಳಿಕೆಯ ವಿವರ ಇಳಿಸಿಟ್ಟುಕೊಂಡರೆ ಮೊತ್ತ ತಕರಾರಾದಾಗ ಅದೇ ಆಧಾರ.

‘ಪ್ರಕ್ರಿಯಾ ಶುಲ್ಕ’ ಕೇಳಿ ಫೋನ್ ಬಂದರೆ ಮೋಸವೇ. ಇಂಥ ಹಣ ಪಡೆಯಲು ಯಾರಿಗೂ ಏನೂ ಕಟ್ಟಬೇಕಿಲ್ಲ.