ಐರ್ಲೆಂಡಿನ ಡಿ ವಲೇರಾ: ಹೀರೋನಾ, ಅಂತರ್ಯುದ್ಧಕ್ಕೆ ಕಾರಣನಾ?

ಪ್ರಶ್ನೆ: ಸರ್, ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮ ಸಂವಿಧಾನದ ರಾಜ್ಯ ನಿರ್ದೇಶಕ ತತ್ವಗಳು ಐರ್ಲೆಂಡಿನಿಂದ ಬಂದವು ಅಂತ ಎಲ್ಲ ಗೈಡ್‌ಗಳಲ್ಲೂ ಇದೆ. ಅಲ್ಲಿ ಆ ಸಂವಿಧಾನ ಮಾಡಿಸಿದವರು ಏಮನ್ ಡಿ ವಲೇರಾ ಅಂತ ತಿಳಿಯಿತು. ಕೆಲವರು ಅವರನ್ನು ಸ್ವಾತಂತ್ರ್ಯದ ಹೀರೋ ಅಂತಾರೆ, ಕೆಲವರು ಅಣ್ಣತಮ್ಮಂದಿರ ನಡುವೆ ಯುದ್ಧ ಹಚ್ಚಿದವರು ಅಂತಾರೆ. ಯಾವುದು ಸರಿ? ಅವರಿಗೂ ನಮಗೂ ನೇರವಾದ ನಂಟು ಇತ್ತಾ?
– ಓದುಗರು, ದಾವಣಗೆರೆ

ಉತ್ತರ: ಎರಡೂ ಸರಿ ಅಂದುಬಿಟ್ಟರೆ ಸುಮ್ನೆ ಜಾರಿಕೊಂಡ ಹಾಗಾಗುತ್ತದೆ. ಅದಕ್ಕೇ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 1922ರಲ್ಲಿ ಅವರ ಲೆಕ್ಕ ತಪ್ಪಿತ್ತು. ಅದು ತಪ್ಪು ಅಂತ ತೋರಿಸಿಕೊಟ್ಟಿದ್ದು ಬೇರೆ ಯಾರೂ ಅಲ್ಲ, ಹತ್ತು ವರ್ಷದ ನಂತರ ಅಧಿಕಾರಕ್ಕೆ ಬಂದ ಅವರೇ.

ಡಿ ವಲೇರಾ ಹುಟ್ಟಿದ್ದು 1882ರಲ್ಲಿ, ನ್ಯೂಯಾರ್ಕಿನಲ್ಲಿ. ಎರಡು ವರ್ಷದ ಮಗುವಿದ್ದಾಗ ಲಿಮರಿಕ್ ಜಿಲ್ಲೆಯ ಬ್ರೂರೀ ಎಂಬ ಹಳ್ಳಿಗೆ, ತಾಯಿಯ ತವರಿಗೆ ಬಂದರು. ಬೆಳೆಸಿದ್ದು ಅಜ್ಜಿ. ದೊಡ್ಡವರಾಗಿ ಗಣಿತದ ಮೇಷ್ಟ್ರಾದರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ 1916ರಲ್ಲಿ ನಡೆದ ಈಸ್ಟರ್ ದಂಗೆಯಲ್ಲಿ ಡಬ್ಲಿನ್‌ನ ಬೋಲಂಡ್ಸ್ ಮಿಲ್ ಕಡೆಯ ತುಕಡಿಗೆ ಅವರೇ ಕಮಾಂಡರ್. ದಂಗೆ ಸೋತಿತು, ಮುಖಂಡರನ್ನು ಗುಂಡಿಟ್ಟು ಕೊಂದರು. ಡಿ ವಲೇರಾಗೂ ಮರಣದಂಡನೆಯೇ ಆಗಿತ್ತು, ಅದು ಜೀವಾವಧಿಗೆ ಇಳಿಯಿತು. ಅಮೆರಿಕದಲ್ಲಿ ಹುಟ್ಟಿದ್ದಕ್ಕೆ ಬದುಕಿದರು ಅಂತ ಎಲ್ಲೆಡೆ ಓದಿರುತ್ತೀರಿ. ಅಷ್ಟೇ ಕಾರಣ ಅಲ್ಲ. ಅವರ ಸರದಿ ಬರುವ ಹೊತ್ತಿಗೆ ಸಾಲುಸಾಲು ಕೊಲೆಗಳಿಂದ ಜನ ರೊಚ್ಚಿಗೆದ್ದಿದ್ದರು, ಲಂಡನ್ ಸರ್ಕಾರಕ್ಕೆ ನಿಲ್ಲಿಸದೆ ಬೇರೆ ದಾರಿ ಇರಲಿಲ್ಲ.

1919ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಲಿಂಕನ್ ಜೈಲಿನಿಂದ ತಪ್ಪಿಸಿಕೊಂಡ ಕಥೆ ಮಾತ್ರ ನಿಜಕ್ಕೂ ಸಿನಿಮಾದ ಹಾಗಿದೆ. ಜೈಲಿನ ಚರ್ಚಿನಲ್ಲಿ ಪೂಜೆಗೆ ಸಹಾಯ ಮಾಡುತ್ತಿದ್ದ ಅವರು ಪಾದ್ರಿಯ ಬೀಗದಕೈಯನ್ನು ಮೇಣದಬತ್ತಿಯ ಮೇಣಕ್ಕೆ ಒತ್ತಿ ಅಚ್ಚು ತೆಗೆದರು. ಹೊರಗಿನವರು ಕೇಕಿನೊಳಗೆ ಕೀಲಿ ಇಟ್ಟು ಕಳಿಸಿದರು. ಆ ರಾತ್ರಿ ಗೇಟಿನ ಆಚೆ ಕಾಯುತ್ತಿದ್ದವರಲ್ಲಿ ಸ್ವಾತಂತ್ರ್ಯ ಹೋರಾಟದ ಇನ್ನೊಬ್ಬ ಮುಖಂಡ ಮೈಕೆಲ್ ಕಾಲಿನ್ಸ್ ಒಬ್ಬರು. ಕಾಲಿನ್ಸ್ ಹಾಕಿದ ಕೀಲಿ ಬೀಗದಲ್ಲೇ ಮುರಿಯಿತು. ಡಿ ವಲೇರಾ ಒಳಗಿನಿಂದ ತಮ್ಮ ಕೀಲಿ ತೂರಿಸಿ, ಆ ತುಂಡನ್ನು ಆಚೆ ತಳ್ಳಿ ಬಾಗಿಲು ತೆಗೆದರು.

ಮೂರೇ ವರ್ಷದಲ್ಲಿ ಇವರಿಬ್ಬರೂ ಎದುರಾಳಿಗಳು. 1921ರ ಜುಲೈನಲ್ಲಿ ಡಿ ವಲೇರಾ ಲಂಡನ್‌ಗೆ ಹೋಗಿ ಪ್ರಧಾನಿ ಲಾಯ್ಡ್ ಜಾರ್ಜ್ ಜೊತೆ ಮಾತಾಡಿ ಬಂದಿದ್ದರು. ಪೂರ್ತಿ ಗಣರಾಜ್ಯ ಸಿಗಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಆದರೂ ಕೊನೆಯ ಮಾತುಕತೆಗೆ ತಾವು ಹೋಗದೆ ಕಾಲಿನ್ಸ್ ಮತ್ತಿತರರನ್ನು ಕಳಿಸಿದರು. ಡಿಸೆಂಬರ್ 6ರಂದು ಅವರು ಬ್ರಿಟಿಷ್ ಸಾಮ್ರಾಜ್ಯದೊಳಗೇ ಉಳಿದು ಸ್ವಂತ ಆಡಳಿತ ಪಡೆಯುವ ಒಪ್ಪಂದಕ್ಕೆ ಸಹಿ ಹಾಕಿ ಬಂದಾಗ, ಡಿ ವಲೇರಾ ಇದು ಬೇಡ ಅಂದರು. ಕಷ್ಟದ ಕೆಲಸಕ್ಕೆ ಬೇರೆಯವರನ್ನು ಕಳಿಸಿ ಆಮೇಲೆ ತಪ್ಪು ಹಿಡಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಜಗಳದ ದೊಡ್ಡ ಪಾಲು ಒಂದು ಪ್ರಮಾಣವಚನದ ಸುತ್ತ ನಡೆಯಿತು. ಸಂಸತ್ ಸದಸ್ಯರು ದೊರೆ ಐದನೇ ಜಾರ್ಜ್‌ಗೆ ನಿಷ್ಠರಾಗಿರುತ್ತೇವೆ ಎನ್ನಬೇಕಿತ್ತು. ಪೂರ್ತಿ ಸ್ವಾತಂತ್ರ್ಯ ಅಲ್ಲದಿದ್ದರೂ ಅದನ್ನು ಗಳಿಸುವ ದಾರಿ ಇದು ಅನ್ನೋದು ಕಾಲಿನ್ಸ್ ವಾದ. ಐರಿಷ್ ಸಂಸತ್ತಿನಲ್ಲಿ 64–57 ಮತಗಳಿಂದ ಒಪ್ಪಂದ ಪಾಸಾಯಿತು. ಡಿ ವಲೇರಾ ಬಣ ಒಪ್ಪಲಿಲ್ಲ. ಐರಿಷ್ ಜನರ ರಕ್ತದಲ್ಲೇ ನಡೆದು ಹೋಗಬೇಕಾದೀತು ಎಂಬ ಅರ್ಥದ ಮಾತುಗಳನ್ನು ಅವರು ಸಭೆಗಳಲ್ಲಿ ಆಡಿದರು. 1922ರ ಜೂನ್‌ನಲ್ಲಿ ಒಪ್ಪಂದ ಒಪ್ಪಿದ ಸರ್ಕಾರಕ್ಕೂ ವಿರೋಧಿಗಳಿಗೂ ಅಂತರ್ಯುದ್ಧ ಶುರುವಾಯಿತು. ಒಪ್ಪಂದದ ವಿರುದ್ಧ ಬಂದೂಕು ಹಿಡಿದವರ ಸೇನಾಪತಿ ಲಿಯಂ ಲಿಂಚ್, ಡಿ ವಲೇರಾ ಅಲ್ಲ. ಯುದ್ಧ ಅವರೊಬ್ಬರೇ ಹಚ್ಚಿದ್ದು ಅನ್ನೋದು ಅತಿಯಾಯಿತು. ಆದರೆ ಅದನ್ನು ತಡೆಯುವ ಶಕ್ತಿ ಯಾರಿಗಾದರೂ ಇತ್ತೆಂದರೆ ಅವರಿಗೇ. ಆಗಸ್ಟ್‌ನಲ್ಲಿ ಕಾಲಿನ್ಸ್ ಹೊಂಚುದಾಳಿಗೆ ಬಲಿಯಾದರು. ಸರ್ಕಾರವೂ ಕಡಿಮೆಯೇನಲ್ಲ, 70ಕ್ಕೂ ಹೆಚ್ಚು ಕೈದಿಗಳನ್ನು ಗುಂಡಿಟ್ಟು ಕೊಂದಿತು.

ಈಗ 1927ಕ್ಕೆ ಬನ್ನಿ. ಡಿ ವಲೇರಾ ಆಗಷ್ಟೇ ಫಿಯಾನ ಫಾಯ್ಲ್ ಎಂಬ ಹೊಸ ಪಕ್ಷ ಕಟ್ಟಿದ್ದರು. ಪ್ರಮಾಣ ಮಾಡದೆ ಸಂಸತ್ತಿನೊಳಗೆ ಬಿಡುತ್ತಿರಲಿಲ್ಲ. ಚುನಾವಣೆಗೆ ನಿಲ್ಲಲೂ ಅದು ಬೇಕು ಎಂಬ ಕಾನೂನು ಬರುತ್ತಿತ್ತು. ಆಗಸ್ಟ್‌ನಲ್ಲಿ ಅವರು ಸಂಸತ್ತಿನ ಕಚೇರಿಗೆ ಹೋದರು. ಮೇಜಿನ ಮೇಲಿದ್ದ ಬೈಬಲ್ಲನ್ನು ಎತ್ತಿ ಕೋಣೆಯ ಇನ್ನೊಂದು ಕಡೆ ಇಟ್ಟರು. ಪ್ರಮಾಣದ ಸಾಲುಗಳು ಕಾಣದ ಹಾಗೆ ಕೈಯಲ್ಲಿದ್ದ ಕಾಗದಗಳಿಂದ ಮುಚ್ಚಿದರು. ಕೆಳಗೆ ಸಹಿ ಹಾಕಿದರು. ತಾನು ಪ್ರಮಾಣ ಮಾಡುತ್ತಿಲ್ಲ, ಇದು ಬರೀ ಪೊಳ್ಳು ಶಾಸ್ತ್ರ ಅಂತ ಗುಮಾಸ್ತರಿಗೆ ಹೇಳಿದರು.

ಪೊಳ್ಳು ಶಾಸ್ತ್ರವೇ ಆಗಿದ್ದರೆ 1922ರಲ್ಲೇ ಹೀಗೆ ಸಹಿ ಹಾಕಬಹುದಿತ್ತಲ್ವಾ? ಈ ಪ್ರಶ್ನೆ ಅವರನ್ನು ಸಾಯುವವರೆಗೂ ಬಿಡಲಿಲ್ಲ.

1932ರಲ್ಲಿ ಗೆದ್ದು ಬಂದರು. ಮರುವರ್ಷವೇ ಆ ಪ್ರಮಾಣವನ್ನು ಕಾನೂನಿನಿಂದ ಕಿತ್ತು ಹಾಕಿದರು. 1936ರಲ್ಲಿ ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟ ಗೊಂದಲದಲ್ಲೇ ದೊರೆಯ ಹೆಸರನ್ನು ಸಂವಿಧಾನದಿಂದ ಅಳಿಸಿದರು. 1937ರಲ್ಲಿ ಹೊಸ ಸಂವಿಧಾನವನ್ನೇ ಜನಮತಕ್ಕಿಟ್ಟು ಗೆದ್ದರು. 1938ರಲ್ಲಿ ಬ್ರಿಟಿಷ್ ನೌಕಾಪಡೆಯ ಕೈಯಲ್ಲಿದ್ದ ಮೂರು ಬಂದರುಗಳೂ ವಾಪಸ್ ಬಂದವು. ಅದಿಲ್ಲದಿದ್ದರೆ ಎರಡನೇ ಮಹಾಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿರುವುದು ಕನಸಿನ ಮಾತು. ಇಷ್ಟೆಲ್ಲ ಆಗಿದ್ದು ಒಂದು ಗುಂಡು ಹಾರದೆ, ತಾವು ಬೇಡವೆಂದ ಅದೇ ವ್ಯವಸ್ಥೆಯೊಳಗಿಂದ. ಕಾಲಿನ್ಸ್ ಹೇಳಿದ್ದೂ ಇದನ್ನೇ.

ಕೊರತೆಗಳೂ ಇದ್ದವು. ಅವರ ಸಂವಿಧಾನ ಕ್ಯಾಥೊಲಿಕ್ ಚರ್ಚಿಗೆ ವಿಶೇಷ ಸ್ಥಾನ ಕೊಟ್ಟಿತು. ಅದನ್ನು ತೆಗೆಯಲು 1972ರ ಜನಮತವೇ ಬೇಕಾಯಿತು. ಹೆಂಗಸಿನ ಜಾಗ ಮನೆ ಎಂಬ ಧಾಟಿಯ 41ನೇ ವಿಧಿ ಇವತ್ತಿಗೂ ಇದೆ. 2024ರಲ್ಲಿ ಬದಲಿಸಲು ಹೊರಟ ಜನಮತ ಬಿದ್ದುಹೋಯಿತು. ಹಿಟ್ಲರ್ ಸತ್ತಾಗ ಜರ್ಮನಿಯ ರಾಯಭಾರಿಯ ಬಳಿ ಹೋಗಿ ಸಂತಾಪ ಹೇಳಿದ್ದನ್ನು ಅವರ ಅಭಿಮಾನಿಗಳೂ ಸಮರ್ಥಿಸುವುದು ಕಷ್ಟ. 1950ರ ದಶಕದಲ್ಲಿ ಕೆಲಸ ಸಿಗದೆ ಸುಮಾರು ನಾಲ್ಕು ಲಕ್ಷ ಜನ ದೇಶ ಬಿಟ್ಟರು. ಆಮೇಲೆ 1959ರಿಂದ 1973ರವರೆಗೆ ಅವರು ರಾಷ್ಟ್ರಪತಿ. ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. 1975ರಲ್ಲಿ ತೀರಿಕೊಂಡರು.

ಇನ್ನು ನಮ್ಮ ನಂಟು. 1920ರಲ್ಲೇ ನ್ಯೂಯಾರ್ಕಿನಲ್ಲಿ ಭಾರತದ ಸ್ವಾತಂತ್ರ್ಯ ಬೆಂಬಲಿಸಿ ಅವರು ಭಾಷಣ ಮಾಡಿದ್ದರು. 1947ರ ಕೊನೆಗೆ ನಮ್ಮ ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾವ್ ಡಬ್ಲಿನ್‌ಗೆ ಹೋಗಿ ಡಿ ವಲೇರಾ ಅವರನ್ನು ಭೇಟಿ ಮಾಡಿದರು. ರಾವ್ ನಮ್ಮ ಮಂಗಳೂರು ಕಡೆಯವರೇ, ಬೆನಗಲ್ ಮನೆತನದವರು. ಮುಂದೆ ಮೈಸೂರು ರಾಜ್ಯದ ರಾಜ್ಯಪಾಲರಾದ ವಿ.ವಿ. ಗಿರಿ ಕಾನೂನು ಓದಿದ್ದು ಡಬ್ಲಿನ್‌ನಲ್ಲಿ. 1916ರ ದಂಗೆಯ ನಂತರ ಅವರು ಅಲ್ಲಿಂದ ಹೊರಡಬೇಕಾಯಿತು.

ಪರೀಕ್ಷೆಯಲ್ಲಿ "ಐರ್ಲೆಂಡಿನಿಂದ" ಅಂತಷ್ಟೇ ಬರೆದು ಬಿಡಬೇಡಿ. ಅವರ ಸಂವಿಧಾನದ 45ನೇ ವಿಧಿಯಲ್ಲಿ ಈ ತತ್ವಗಳಿವೆ, ಕೋರ್ಟಿನಲ್ಲಿ ಜಾರಿ ಮಾಡಿಸಲು ಬರುವುದಿಲ್ಲ ಎಂಬ ಮಾತೂ ಅಲ್ಲೇ ಇದೆ. ನಮ್ಮಲ್ಲಿ ಅವು ಭಾಗ 4ರಲ್ಲಿ, 36ರಿಂದ 51ರವರೆಗೆ. ಕೋರ್ಟಿನ ಮಾತು ಇರುವುದು 37ನೇ ವಿಧಿಯಲ್ಲಿ.