ಯಾರ ಪ್ರಚಾರ?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಹಾಲಿವುಡ್ ನಟ ಮಾರ್ಲನ್ ಬ್ರಾಂಡೋನನ್ನು ಬಾಯ್ತುಂಬ ಹೊಗಳಿದ್ದೀರಿ. ಡೈಲಾಗ್ ಬಾಯಿಪಾಠ ಮಾಡದೆ ಸೆಟ್ಟಿಗೆ ಬರುತ್ತಿದ್ದವನು ಅವನು. ಆಸ್ಕರ್ ಬೇಡ ಅಂದದ್ದು ಕೂಡ ಪ್ರಚಾರಕ್ಕೆ. ಇವನೆಂಥ ಬಂಡಾಯಗಾರ?"

ನಿಮ್ಮ ಕಾಗದ ಖಾರವಾಗಿದೆ, ಆದರೂ ಇಷ್ಟವಾಯಿತು. ಡೈಲಾಗ್ ವಿಷಯದಲ್ಲಿ ನೀವು ಹೇಳಿದ್ದು ನಿಜ. ಚೀಟಿಯಲ್ಲಿ ಬರೆಸಿಟ್ಟುಕೊಂಡು ಓದುತ್ತಿದ್ದ. ಜೊತೆಯವರಿಗೆ ಅದರಿಂದ ಕಷ್ಟ ಆಗಿದ್ದೂ ಹೌದು.

ಆದರೆ ಆಸ್ಕರ್ ವಿಷಯಕ್ಕೆ ಬರುವ ಮೊದಲು ಒಂದು ನದಿಯ ಕಥೆ ಕೇಳಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯುಯಾಲಪ್ ನದಿ. ಹಿಂದಿನಿಂದ ಮೀನು ಹಿಡಿಯುತ್ತ ಬಂದ ಜಾಗಗಳಲ್ಲಿ ಹಿಡಿಯುವ ಹಕ್ಕು ನಿಮಗೆ ಇದ್ದೇ ಇರುತ್ತದೆ ಅಂತ 1854ರ ಒಪ್ಪಂದದಲ್ಲಿ ಸರ್ಕಾರ ಅಲ್ಲಿನ ಮೂಲನಿವಾಸಿಗಳಿಗೆ ಮಾತು ಕೊಟ್ಟಿತ್ತು. ನೂರು ವರ್ಷ ಕಳೆದ ಮೇಲೆ ಬಲೆ ಬಿಟ್ಟವರನ್ನೇ ಹಿಡಿದು ಜೈಲಿಗೆ ಹಾಕತೊಡಗಿದರು. 1964ರ ಮಾರ್ಚ್‌ನಲ್ಲಿ ಬ್ರಾಂಡೋ ಅವರ ಜೊತೆ ದೋಣಿ ಹತ್ತಿದ. ಪೊಲೀಸರು ಅವನನ್ನೂ ಹಿಡಿದರು, ಬೇಗನೇ ಬಿಟ್ಟರು. ತಾನು ಹೋದರೆ ಪತ್ರಕರ್ತರು ಹಿಂದೆಯೇ ಬರುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಪ್ರಚಾರ ಅನ್ನುತ್ತೀರಲ್ಲ, ಇದೂ ಪ್ರಚಾರವೇ. ಯಾರ ಪ್ರಚಾರ ಅಂತ ಮಾತ್ರ ಯೋಚಿಸಿ. ಹತ್ತು ವರ್ಷದ ಮೇಲೆ, 1974ರಲ್ಲಿ, ನ್ಯಾಯಾಧೀಶ ಜಾರ್ಜ್ ಬೋಲ್ಟ್ ಆ ಜನಕ್ಕೆ ಮೀನಿನಲ್ಲಿ ಅರ್ಧ ಪಾಲಿನ ಹಕ್ಕಿದೆ ಅಂತ ತೀರ್ಪು ಕೊಟ್ಟರು. ಗೆದ್ದದ್ದು ಆ ಜನರೇ, ಬ್ರಾಂಡೋ ಅಲ್ಲ. ಆದರೆ ಯಾರೂ ತಿರುಗಿ ನೋಡದಿದ್ದಾಗ ಅವನು ಪಕ್ಕದಲ್ಲಿ ನಿಂತಿದ್ದ.

ಈಗ ಆಸ್ಕರ್. 1973ರ ಮಾರ್ಚ್ 27. 'ಗಾಡ್‌ಫಾದರ್' ಚಿತ್ರದ ನಟನೆಗೆ ಬ್ರಾಂಡೋಗೆ ಪ್ರಶಸ್ತಿ. ಪ್ರಚಾರ ಬೇಕಿದ್ದವನು ತಾನೇ ವೇದಿಕೆ ಹತ್ತುತ್ತಿದ್ದ, ಅಲ್ವಾ? ಅವನು ಕಳಿಸಿದ್ದು ತಾನು ಮೂಲನಿವಾಸಿ ಅನ್ನುತ್ತಿದ್ದ ಸಶೀನ್ ಲಿಟಲ್‌ಫೆದರ್ ಎಂಬ 26 ವರ್ಷದ ಹೆಣ್ಣುಮಗಳನ್ನು. ಆಗ ಅಮೆರಿಕದ ವೂಂಡೆಡ್ ನೀ ಎಂಬ ಊರಲ್ಲಿ ಪ್ರತಿಭಟನೆಗೆ ಕೂತಿದ್ದ ಮೂಲನಿವಾಸಿಗಳನ್ನು ಸರ್ಕಾರದ ಬಂದೂಕುಧಾರಿಗಳು ಸುತ್ತುವರಿದಿದ್ದರು. ಬ್ರಾಂಡೋ ಪುಟಗಟ್ಟಲೆ ಭಾಷಣ ಬರೆದುಕೊಟ್ಟಿದ್ದ. ಆಕೆಗೆ ಸಿಕ್ಕಿದ್ದು 60 ಸೆಕೆಂಡ್. ಚಾಚಿದ ಪ್ರತಿಮೆಯನ್ನು ಅಂಗೈ ಎತ್ತಿ ಬೇಡ ಅಂದಳು. ಸಿನಿಮಾದವರು ಮೂಲನಿವಾಸಿಗಳನ್ನು ನಡೆಸಿಕೊಳ್ಳುವ ರೀತಿ, ವೂಂಡೆಡ್ ನೀಯಲ್ಲಿ ಆಗುತ್ತಿರುವುದು, ಇವೇ ಕಾರಣ ಅಂದಳು. ಸಭೆಯಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಕೂಗಿ ಗೇಲಿ ಮಾಡಿದರು. ಆಸ್ಕರ್ ಕೊಡುವ ಅಕಾಡೆಮಿ ಆಕೆಯ ಕ್ಷಮೆ ಕೇಳಿದ್ದು 2022ರಲ್ಲಿ. ಅದೇ ವರ್ಷ ಆಕೆ ತೀರಿಕೊಂಡಳು. ಆಕೆ ನಿಜಕ್ಕೂ ಮೂಲನಿವಾಸಿಯೇ ಅನ್ನುವ ತಕರಾರು ಆಮೇಲೆ ಎದ್ದಿತು. ಹೇಳಿದ ಮಾತು ಅದರಿಂದ ಸುಳ್ಳಾಗುವುದಿಲ್ಲ.

2004ರ ಜುಲೈನಲ್ಲಿ ಬ್ರಾಂಡೋ ಸತ್ತ ಸುದ್ದಿ ಬಂದಾಗ ನಾನೊಂದು ಪತ್ರಿಕೆಯಲ್ಲಿ ಡೆಸ್ಕಿನಲ್ಲಿದ್ದೆ. ನಾನು ಬರೆದ ಬರಹದಲ್ಲಿ ಪ್ಯುಯಾಲಪ್ ನದಿಯದ್ದು ನಾಲ್ಕು ಸಾಲಿತ್ತು. "ಮೀನಿನ ಕಥೆ ಯಾರಿಗೆ ಬೇಕು?" ಅಂತ ಹಿರಿಯರೊಬ್ಬರು ಅಷ್ಟನ್ನೂ ಹೊಡೆದುಹಾಕಿದರು. ಉಳಿದದ್ದು ಅವನ ತೂಕ, ಮದುವೆಗಳು, ಸಂಭಾವನೆ. ಆ ನೋವು ಇವತ್ತಿಗೂ ಹೋಗಿಲ್ಲ. ಈಗ ಈ ಚಾಳಿ ಇನ್ನೂ ಜಾಸ್ತಿ ಆಗಿದೆ. ನಟನ ಕಾರು ಯಾವುದು, ಚಿತ್ರ ಎಷ್ಟು ಕೋಟಿ ಗಳಿಸಿತು ಅಂತ ಪುಟಗಟ್ಟಲೆ ಬರೆಯುತ್ತೇವೆ. ಅವನು ಯಾರ ಪರ ನಿಂತ, ಅದರಿಂದ ಏನು ಕಳೆದುಕೊಂಡ ಅಂತ ಕೇಳುವುದೇ ಇಲ್ಲ. ಕೇಳದಿದ್ದರೆ ಅವರಾದರೂ ಯಾಕೆ ನಿಲ್ಲುತ್ತಾರೆ?

ನಿಮ್ಮಂಥ ಓದುಗರು ಸಿಟ್ಟಾಗಿ ಬರೆಯಬೇಕು. ಆದರೆ ಸುಮ್ನೆ ಸೆಟ್ಟಿನ ಸುದ್ದಿಯನ್ನಷ್ಟೇ ಹಿಡಿದು ಬರೆಯಬೇಡಿ. ಬ್ರಾಂಡೋನ ಆ ಭಾಷಣದ ಸಾರವನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ. ಓದಿ, ಇನ್ನೊಂದು ಕಾಗದ ಹಾಕಿ.

- ಸಂ.