ಸಿಮ್ ಇಲ್ಲದ ಹಳೆ ಸ್ಮಾರ್ಟ್‌ಫೋನ್ ಮನೆಯಲ್ಲಿ ಏನಕ್ಕಾದರೂ ಬರುತ್ತದಾ?

ಬರುತ್ತದೆ. ಅಡುಗೆಮನೆಗೆ ರೇಡಿಯೊ ಮಾಡಿಕೊಳ್ಳಿ. ಇಂಟರ್‌ನೆಟ್ ಬೇಡ, ಗಾಜು ಬಿರುಕು ಬಿಟ್ಟಿದ್ದರೂ ನಡೆಯುತ್ತದೆ. ಫೋನಿನಲ್ಲಿ ಎಫ್‌ಎಂ ರೇಡಿಯೊ ಆ್ಯಪ್ ಇದೆಯಾ ನೋಡಿ. ಹಳೆ ಫೋನುಗಳಲ್ಲೇ ಇದು ಜಾಸ್ತಿ. ವೈರ್ ಇರುವ ಇಯರ್‌ಫೋನ್ ಸಿಕ್ಕಿಸಿ, ಮೈಸೂರಿನ ಸುತ್ತಮುತ್ತ ಇದ್ದರೆ 100.6ಕ್ಕೆ ಇಡಿ. ಮೈಸೂರು ಆಕಾಶವಾಣಿ ಸಿಗುತ್ತದೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರು ಮಾಡಿದ ನಿಲಯ ಅದು.

ಸ್ಪೀಕರಿನಲ್ಲಿ ಕೇಳುವುದಾದರೂ ಇಯರ್‌ಫೋನ್ ಯಾಕೆ ಅಂತೀರಾ? ಆ ವೈರೇ ಆಂಟೆನಾ. ಈ ರೇಡಿಯೊ ಅಲೆಯ ಉದ್ದ ಸುಮಾರು 3 ಮೀಟರ್. ಅದನ್ನು ಚೆನ್ನಾಗಿ ಹಿಡಿಯಲು ಕಾಲುಭಾಗದಷ್ಟು, ಅಂದರೆ ಮುಕ್ಕಾಲು ಮೀಟರ್ ತಂತಿಯಾದರೂ ಇದ್ದರೆ ಒಳ್ಳೆಯದು. ಅಂಗೈಯಗಲದ ಫೋನಿನೊಳಗೆ ಅಷ್ಟು ಜಾಗ ಎಲ್ಲಿದೆ? ಇಯರ್‌ಫೋನ್ ವೈರ್ ಒಂದು ಮೀಟರಿನಷ್ಟು ಇರುತ್ತದೆ, ಸರಿಹೋಗುತ್ತದೆ.

ಹಾಗಾಗಿ ವೈರನ್ನು ಸುತ್ತಿಡಬೇಡಿ. ನಮ್ಮಮ್ಮ ಅದನ್ನು ಒಗ್ಗರಣೆ ಡಬ್ಬಿಯ ಪಕ್ಕ ಸುರುಳಿ ಸುತ್ತಿ ಇಟ್ಟಿದ್ದರು, ಬರೀ ಗರಗರ ಸದ್ದು. ಕಿಟಕಿ ಪಕ್ಕದ ಮೊಳೆಗೆ ಉದ್ದಕ್ಕೆ ಇಳಿಬಿಟ್ಟೆ, ಹಾಡು ಸ್ಪಷ್ಟವಾಯಿತು.

ದಿನವಿಡೀ ಚಾರ್ಜಿಗೆ ಹಾಕಿಡಬೇಡಿ. ಫೋನಿನ ಬೆನ್ನು ಉಬ್ಬಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಅಂಥದ್ದನ್ನು ಬಳಸಲೇಬೇಡಿ, ಇ-ತ್ಯಾಜ್ಯಕ್ಕೆ ಕೊಟ್ಟುಬಿಡಿ.